ತಗಡಿನ ಆಕಾಶಕಂದೀಲು

ಮೂರು ರೂಪಾಯಿಯ ಕಾಗದದ ಕಂದೀಲು ಕೊಳ್ಳದೆ ಬಂದದ್ದಕ್ಕೆ ನನಗೆ ಒಂಬತ್ತು ರೂಪಾಯಿ ಬಿತ್ತು. ಕಾರಣ ಕೇಳಿದರೆ ನನ್ನ ಬುದ್ಧಿವಂತಿಕೆ ನಿಮಗೂ ತಿಳಿದೀತು. ಎಪ್ಪತ್ತರ ದಶಕದ ಒಂದು ದೀಪಾವಳಿ. ಮಲಾಡ್ ಪೇಟೆಯಲ್ಲಿ ಕಂದೀಲಿನವನು ಐದು ಹೇಳಿದ, ನಾನು ಮೂರಕ್ಕೆ ಇಳಿಸಿದೆ. ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು. ಎರಡೂವರೆ ಎಂದೆ. ಅವನು ಕಂದೀಲನ್ನು ಮತ್ತೆ ಕೊಕ್ಕೆಗೆ ಸಿಕ್ಕಿಸಿ, "ಸೇಠ್, ಘರ್ ಪೆ ಖುದ್ ಬನಾ ಲೋ" ಎಂದ; ಮನೆಯಲ್ಲಿ ನೀವೇ ಮಾಡಿಕೊಳ್ಳಿ ಅಂತ.

ಜೊತೆಗಿದ್ದ ಎಂಟು ವರ್ಷದ ಮಗಳು ಅದನ್ನು ನಿಜವೆಂದೇ ತಿಳಿದಳು. ನಾವಿದ್ದ ವಠಾರ, ಅಂದರೆ ಚಾಳ್, ಮುಟ್ಟಿದ್ದೇ ತಡ, "ಈ ಸಲ ನಮ್ಮ ಕಂದೀಲ್ ಅಪ್ಪಾನೇ ಮಾಡ್ತಾನ, ಯಾರ ಹತ್ರನೂ ಇರಂಗಿಲ್ಲ ಅಂಥಾದ್ದು" ಎಂದು ಮನೆಗಳ ಮುಂದಿನ ಗ್ಯಾಲರಿಯಲ್ಲಿ ಆಡುತ್ತಿದ್ದ ಮಕ್ಕಳಿಗೆಲ್ಲ ಸಾರಿಬಿಟ್ಟಳು. ಇನ್ನು ಮಾಡದಿದ್ದರೆ ಆ ಮಕ್ಕಳ ಮುಂದೆ ಅವಳು ತಲೆ ತಗ್ಗಿಸಬೇಕು.

ನಾನು ನಲ್ಲಿ, ಪೈಪು ಕೂಡಿಸುವವನು. ಕಾಗದವನ್ನು ನಂಬುವ ಮನುಷ್ಯನಲ್ಲ. ಹತ್ತು ವರ್ಷ ಬಾಳಲಿ ಎಂದು ಹೊಸ ತಗಡಿನ ಡಬ್ಬಿ, ಕೆಂಪು ಬಣ್ಣ, ಸರಪಳಿ ತಂದೆ; ಎಲ್ಲ ಸೇರಿ ಒಂಬತ್ತು ರೂಪಾಯಿ. ಡಬ್ಬಿಗೆ ನಾನು ಬಣ್ಣ ಬಳಿದೆ. ಕಂದೀಲಿನ ಕೆಳಗೆ ಇಳಿಬಿಡುವ ಬಾಲಕ್ಕೆಂದು ಮಗಳು ನನ್ನ ಚೀಲದ ಹಳೆಯ ನಟ್ಟು, ವಾಶರುಗಳನ್ನು ದಾರಕ್ಕೆ ಪೋಣಿಸಿದಳು. ಹಬ್ಬದ ಸಂಜೆ ಒಳಗೆ ಪಣತಿ ಹಚ್ಚಿಟ್ಟು ತೂಗುಹಾಕಿದೆವು. ಮಕ್ಕಳೆಲ್ಲ ಕತ್ತೆತ್ತಿ ನಿಂತರು.

"ಅಪ್ಪಾ, ಉಜಾಲಾ ಎಲ್ಲೈತಿ?"

ಸುತ್ತ ಗಟ್ಟಿ ತಗಡು. ಬೆಳಕು ಎಲ್ಲಿಂದ ಬಂದೀತು? ಪಕ್ಕದ ಖೋಲಿಯ ಮರಾಠಿ ಕಾಕೂ ಇಣುಕಿ, ನೀರಿನ ಟಾಕಿಯನ್ನು ಯಾಕೆ ತೂಗುಹಾಕಿದ್ದೀರಿ ಎಂದು ಕೇಳಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮಗಳ ಕಣ್ಣು ತುಂಬಿತು.

ಡಬ್ಬಿ ಇಳಿಸಿ, ಮೊಳೆ ಇಟ್ಟು ಒಂದೇಟು ಹಾಕಿದೆ. ತೂತು ಬೀಳಲಿಲ್ಲ, ತಗಡು ಒಳಕ್ಕೆ ತಗ್ಗಿತು. ಇನ್ನೊಂದು ಏಟಿಗೆ ಇನ್ನೊಂದು ತಗ್ಗು. ಬಾಗಿಲಲ್ಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಪೈಪ್ ಬಗ್ಗಸಾಗ ನೆಗ್ಗಬಾರದಂತ ಒಳಗ ಮರಳ ತುಂಬ್ತೀರಲ್ಲ, ಇದಕ್ಕ ಬ್ಯಾಡೇನ್ರಿ?"

ಹದಿನೈದು ವರ್ಷದ ಕಸುಬು ನನ್ನದು; ನೆನಪು ಅವಳದು. ಎದುರಿಗೆ ಕಟ್ಟುತ್ತಿದ್ದ ಬಿಲ್ಡಿಂಗಿನಿಂದ ಒಂದು ಬಕೆಟ್ ಮರಳು ಕೇಳಿ ತಂದೆ. ತುಂಬಿದೆವು. ನಕ್ಕ ಮಕ್ಕಳೇ ಸಾಲು ನಿಂತು ಮನಸ್ಸಿಗೆ ಬಂದಲ್ಲಿ ತೂತು ಹೊಡೆದರು; ಬಳಿದ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಹೋಯಿತು. ಮರಳು ಸುರಿದು ಮತ್ತೆ ಪಣತಿ ಇಟ್ಟಾಗ ಗೋಡೆಯ ತುಂಬ, ಕಾಕೂನ ಸೀರೆಯ ಮೇಲೂ ಬೆಳಕಿನ ಚುಕ್ಕೆ. "ನಾ ಹೇಳಿದ್ದಿಲ್ಲಾ?" ಎಂದಳು ಮಗಳು, ಎಲ್ಲರಿಗೂ ಕೇಳುವಂತೆ.

ಆದ್ದರಿಂದ ಹೇಳುತ್ತೇನೆ: ಐದರದ್ದು ಮೂರಕ್ಕೆ ಇಳಿದರೆ ಸುಮ್ಮನೆ ಕೊಂಡುಬಿಡಿ. ಮಾಡಲೇಬೇಕೆಂದರೆ ಹಳೇ ಡಬ್ಬಿ ಸಾಕು. ಹಸಿ ಮರಳನ್ನು ಒತ್ತಿ ತುಂಬಿ, ಮೊದಲು ತೂತು, ಆಮೇಲೆ ಬಣ್ಣ. ಮೊಳೆಯನ್ನು ಇಕ್ಕಳದಲ್ಲಿ ನೀವು ಹಿಡಿಯಿರಿ. ಸುತ್ತಿಗೆ ಮಕ್ಕಳಿಗೆ ಕೊಡಿ.