ನಾಲ್ಕು ಚಕ್ರ, ನಾಲ್ಕು ತೂತು

ಏಪ್ರಿಲ್ ಹನ್ನೊಂದು, ಶನಿವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ನನ್ನ ದಿನಚರಿಯಲ್ಲಿ ಇದರ ಮುಂದೆ ಒಂದೇ ವಾಕ್ಯವಿದೆ: ‘ಹಸಿರು ದೀಪ ಮಿಣುಕಿ ಆರಿತು.’ ಅದೇ ಪುಟದಲ್ಲಿ ಬೆಳಗಿನ ಮಂಡಕ್ಕಿ ಒಗ್ಗರಣೆಗೆ ಎರಡು ಸಾಲು ಕೊಟ್ಟಿದ್ದೇನೆ. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ತಿಳಿಯುವ ಬುದ್ಧಿ ಆವತ್ತು ನನಗೆ ಇಷ್ಟೇ ಇತ್ತು.

ದೀಪ ಇರುವುದು ನಮ್ಮ ಪಿಕಪ್ಪಿನಲ್ಲಿ. ಸಿದ್ದಾಪುರದ ಗುಡ್ಡಗಳ ಬುಡದಲ್ಲಿ, ಒಂದು ಮರಳು ಹಳ್ಳದ ಆಚೆ ದಡದಲ್ಲಿ, ಮುಳ್ಳುಬೇಲಿ ಕಟ್ಟಿದ ದೊಡ್ಡಪ್ಪನ ಕುರಿರೊಪ್ಪವಿದೆ. ನೂರನಲವತ್ತು ಕುರಿ. ಬೇಸಿಗೆಯಲ್ಲಿ ಅಲ್ಲಿ ನೀರಿಲ್ಲ. ದಿನ ಬಿಟ್ಟು ದಿನ ಸಾವಿರ ಲೀಟರಿನ ಟ್ಯಾಂಕ್ ಹೇರಿಕೊಂಡು ಹಳ್ಳ ದಾಟುವುದು ನನ್ನ ಕೆಲಸ. ಮಾಮೂಲಿ ಗಾಡಿಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ, ಮರಳಿನಲ್ಲಿ ಹೂತುಹೋಗುತ್ತದೆ. ನಮ್ಮದರಲ್ಲಿ ಸ್ಟೀರಿಂಗಿನ ಪಕ್ಕ ಒಂದು ಗುಂಡಿ ಇದೆ. ತಿರುವಿದರೆ ಮುಂದಿನ ಚಕ್ರಗಳೂ ಎಳೆಯುತ್ತವೆ. ಹಸಿರು ದೀಪ ನಾಲ್ಕು ಸಲ ಮಿಣುಕಿ, ಆಮೇಲೆ ಸ್ಥಿರವಾಗಿ ನಿಲ್ಲಬೇಕು. ನಾನು ಈ ಲೋಕದಿಂದ ಬೇಡುವುದು ಆ ಸ್ಥಿರತೆಯೊಂದನ್ನೇ.

ಹಳೆಯ ಜೀಪುಗಳಲ್ಲಿ ಇದಕ್ಕೊಂದು ಸನ್ನೆಕೋಲು ಇರುತ್ತಿತ್ತು. ಎಳೆದರೆ ಹಲ್ಲು ಕೂತದ್ದು ಕೈಗೇ ತಿಳಿಯುತ್ತಿತ್ತು. ಈಗ ಹಾಗಲ್ಲ. ಗುಂಡಿ ಕಂಪ್ಯೂಟರಿಗೆ ಅರ್ಜಿ ಹಾಕುತ್ತದೆ, ಕಂಪ್ಯೂಟರ್ ಸೆನ್ಸರನ್ನು ವಿಚಾರಿಸುತ್ತದೆ, ಸೆನ್ಸರ್ ಒಪ್ಪಿದರೆ ತಳದಲ್ಲಿರುವ ಚಿಕ್ಕ ಮೋಟಾರಿಗೆ ಅಪ್ಪಣೆ ಹೋಗುತ್ತದೆ. ಅರ್ಜಿ ಯಾವ ಮೇಜಿನ ಮೇಲೆ ಕೂತಿದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನಾನು ಶಿಸ್ತಿನ ಮನುಷ್ಯ. ಏಳು ಕಾಲಂ ಗೆರೆ ಎಳೆದೆ: ದಿನಾಂಕ, ಗಂಟೆ, ಬಿಸಿಲು, ಮರಳಿನ ಹಸಿ, ಟ್ಯಾಂಕಿನ ಲೀಟರು, ಎಂಜಿನ್ ಬಿಸಿಯೋ ತಣ್ಣಗೋ, ಫಲಿತಾಂಶ. ಫ್ಯೂಸ್ ಬದಲಾಯಿಸಿದೆ, ರಿಲೇ ಬದಲಾಯಿಸಿದೆ. ಒಂದು ಟೈರ್ ಹೆಚ್ಚು ಸವೆದಿದ್ದರೂ ಇದಕ್ಕೆ ಗೊಂದಲವಾಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ನಾಲ್ಕೂ ಟೈರುಗಳ ಸುತ್ತಳತೆಯನ್ನು ಅವ್ವನ ಹೊಲಿಗೆ ಟೇಪಿನಲ್ಲಿ ಅಳೆದೆ. ಮೇ ಹದಿನೈದರವರೆಗೆ ಗುಂಡಿ ತಿರುವಿದ್ದು ನಲವತ್ಮೂರು ಸಲ, ದೀಪ ನಿಂತದ್ದು ಇಪ್ಪತ್ನಾಲ್ಕು ಸಲ. ಇದರಿಂದ ಖಚಿತವಾಗಿ ತಿಳಿದದ್ದು, ನಲವತ್ಮೂರರಲ್ಲಿ ಇಪ್ಪತ್ನಾಲ್ಕು ಕಳೆದರೆ ಹತ್ತೊಂಬತ್ತು ಉಳಿಯುತ್ತದೆ ಎಂಬುದು.

ಒಂದು ಬೆಳಿಗ್ಗೆ ದಡದಲ್ಲಿ ಕಾದಿದ್ದ ದೊಡ್ಡಪ್ಪ ಕಿಟಕಿಯೊಳಗೆ ತಲೆ ಹಾಕಿ ದೀಪ ನೋಡಿದರು.

“ಏನಲೇ, ಯಾರಿಗ್ ಕಣ್ ಹೊಡೀತೈತೆ ನಿನ್ ಗಾಡಿ? ನನಗೋ, ಕುರಿಗೋ?”

“ಎಲ್ಲಾ ಬರ್ದಿಟ್ಟೀನಿ ದೊಡ್ಡಪ್ಪ. ಇನ್ನೊಂದ್ ಹತ್ತು ದಿನ, ಕಾರಣ ಗೊತ್ತಾಗ್ತೈತೆ.”

“ಕುರಿಗೆ ಓದಾಕ್ ಬರಲ್ಲ ಕಣಲೇ. ನೀರ್ ಕುಡಿಯಾಕ್ ಬರ್ತೈತೆ.” ಕಿಟಕಿಯಿಂದ ತಲೆ ಹೊರಗೆಳೆದುಕೊಂಡು ಹೇಳಿದರು: “ಹಿಂಗೇ ಆದ್ರೆ ಮಂದೆ ಹೊಡ್ಕೊಂಡು ರಾಯದುರ್ಗದ ಕಡೀಕೆ ಹೋಗ್ತೀನಿ. ಅಲ್ಲಿ ಕೆರ್ಯಾಗೆ ನೀರೈತಂತೆ.”

ದೊಡ್ಡಪ್ಪನಿಗೆ ಅರವತ್ತೆಂಟು, ಎಡಮೊಣಕಾಲಿಗೆ ಪಟ್ಟಿ. ಅವರು ಇನ್ನು ಮಂದೆಯ ಹಿಂದೆ ಊರೂರು ಅಲೆಯಬಾರದು ಎಂದೇ ನಾನು ಹಟ ಹಿಡಿದು ಈ ಗಾಡಿ ತರಿಸಿದ್ದು.

ಮಾರನೆಯ ದಿನವೇ ಚಳ್ಳಕೆರೆಗೆ ಹೋದೆ. ಅಲ್ಲಿ ಗಾಡಿಗಳ ವೈರಿಂಗ್ ನೋಡುವ ಬಾಷಾ ಸಾಹೇಬರ ಎದುರು ಗುಂಡಿ ತಿರುವಿದೆ. ದೀಪ ಸ್ಥಿರವಾಗಿ ನಿಂತಿತು. ಹತ್ತು ಸಲ ತಿರುವಿದೆ. ಹತ್ತು ಸಲವೂ ನಿಂತಿತು. (ಇವನ್ನು ಲೆಕ್ಕಕ್ಕೆ ಸೇರಿಸಿಲ್ಲ. ನನಗೂ ಸ್ವಾಭಿಮಾನವಿದೆ.) “ಬರೋಬರ್ ಐತಲ್ಲ ತಮ್ಮಾ,” ಎಂದರು ಸಾಹೇಬರು. “ಬೇಮಾರಿ ಇಲ್ದಿರೋ ಗಾಡೀನ ಖಾಲಿಪೀಲಿ ಬಿಚ್ಚಿದ್ರೆ, ಬೇಮಾರಿ ನಾವೇ ಕೊಟ್ಟಂಗಾಗ್ತೈತೆ.” ಮನೆಯಲ್ಲಿ ಕುಂಟುವ ಕುರಿ ಡಾಕ್ಟರರ ಎದುರು ನೆಟ್ಟಗೆ ನಡೆಯುವುದನ್ನು ನೋಡಿದ್ದೇನೆ. ಗಾಡಿಯೂ ಅದನ್ನು ಕುರಿಗಳಿಂದಲೇ ಕಲಿತಿರಬೇಕು.

ಮೇ ಹದಿನಾರು, ಬೆಳಿಗ್ಗೆ ಏಳು ಹತ್ತು. ಹಳ್ಳದ ನಡುವೆ ದೀಪ ಆರಿತು. ಹಿಂದಿನ ಚಕ್ರಗಳು ಮರಳು ತೋಡಿಕೊಂಡು ಇಳಿದವು. ಭಾರ ಇಳಿಸದೆ ಗಾಡಿ ಏಳುವಂತಿರಲಿಲ್ಲ. ಟ್ಯಾಂಕಿನ ನಲ್ಲಿ ಬಿಚ್ಚಿದೆ. ಸಾವಿರ ಲೀಟರ್ ಹರಿದುಹೋಗಲು ಇಪ್ಪತ್ತಾರು ನಿಮಿಷ ಬೇಕಾಯಿತು. ಮರಳು ಅದನ್ನು ಸದ್ದಿಲ್ಲದೆ ಕುಡಿಯಿತು. ಆಚೆ ದಡದಲ್ಲಿ ನೂರನಲವತ್ತು ಕುರಿಗಳು ಸಾಲಾಗಿ ನಿಂತು ನೋಡುತ್ತಿದ್ದವು. ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಬರೆದುಕೊಳ್ಳಲು ಏನಾದರೂ ಇರುತ್ತಿತ್ತು. ಮರುದಿನ ಕೊಡ ಹೊತ್ತು ಹೋಗುವಷ್ಟರಲ್ಲಿ ರೊಪ್ಪ ಖಾಲಿ. ಮುಳ್ಳುಬೇಲಿಗೆ ಅವರ ಫೋನನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದರು.

ಆವತ್ತು ಅಲ್ಲೇ ಕೂತು ಎದುರಿನ ಬ್ರಹ್ಮಗಿರಿಯನ್ನು ನೋಡಿದೆ. ಅಶೋಕ ಅಲ್ಲೊಂದು ಬಂಡೆಯ ಮೇಲೆ ಬರೆಸಿದ್ದಾನಲ್ಲ: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳನ್ನು ಕರುಣೆಯಿಂದ ಕಾಣಬೇಕು, ನೆಂಟರೊಡನೆ ಸರಿಯಾಗಿ ನಡೆದುಕೊಳ್ಳಬೇಕು ಎಂದು. ಎರಡು ಸಾವಿರ ವರ್ಷ ದಾಟಿದರೂ ಅದರ ಅರ್ಥ ತಿಳಿಯುತ್ತದೆ. ಗಾಡಿಯ ಜೊತೆ ಬಂದ ಪುಸ್ತಕಕ್ಕೆ ಆರೇ ವರ್ಷ. ದೀಪ ಮಿಣುಕಿದರೆ ಡೀಲರನ್ನು ಕಾಣಿ ಎಂಬುದಷ್ಟೇ ಅದರ ಉಪದೇಶ.

ಮಾಡಲು ಬೇರೆ ಕೆಲಸವಿರಲಿಲ್ಲ. ಮನೆಗೆ ಬಂದು, ಟ್ಯಾಂಕ್ ಇಳಿಸಿ, ಗಾಡಿಯ ಕೆಳಗೆ ಅಂಗಾತ ಮಲಗಿದೆ. ಮೋಟಾರಿಗೆ ಹೋಗುವ ವೈರುಗಳು ಸೇರುವ ಕಪ್ಲರ್ ಹಸಿರು ಕಿಲುಬು ಹಿಡಿದು ಕೊಳೆತಿತ್ತು. ಅದರ ಮೇಲೊಂದು ದುಂಡನೆಯ ಬೆಳಕು ಬಿದ್ದಿತ್ತು. ಕಣ್ಣೆತ್ತಿದರೆ, ಗಾಡಿಯ ಬಾಡಿಯ ತಳದಲ್ಲೊಂದು ತೂತು. ತೂತಿನಾಚೆ ಆಕಾಶ.

ದಿನಚರಿ ತಿರುವಿದೆ. ಫೆಬ್ರವರಿ ಎರಡು: ‘ಗಾಡಿಯ ತಳಕ್ಕೆ ನಾಲ್ಕು ತೂತು ಹೊಡೆದೆ. ಕುರಿ ಸಾಗಿಸುವಾಗ ಉಚ್ಚೆ ನಿಲ್ಲುವುದಿಲ್ಲ. ಕೆಲಸ ಅಚ್ಚುಕಟ್ಟು.’ ಕೆಳಗೆ ಇನ್ನೊಂದು ಸಾಲು: ‘ದೊಡ್ಡಪ್ಪ ಬೇಡವೆಂದರು. ಹುಲ್ಲು ಹಾಸಿದರೆ ಸಾಕಂತೆ. ಹಳೇ ಕಾಲದವರು.’

ಅಂದೇ ಎಂಟನೆಯ ಕಾಲಂ ಗೆರೆ ಎಳೆದೆ: ‘ಹಿಂದಿನ ದಿನ ಕುರಿ ಹೇರಿದ್ದೆನೇ?’ ಹಳ್ಳದ ನಡುವಿನದೂ ಸೇರಿ ಇಪ್ಪತ್ತು ಸೋಲುಗಳಲ್ಲಿ ಹದಿನೇಳು, ಸಂತೆಗೆ ಊರವರ ಕುರಿ ಸಾಗಿಸಿದ ಮರುದಿನದವು. ಬಿಸಿಲು, ಮರಳು, ಲೀಟರು ಎಲ್ಲ ಬರೆದವನಿಗೆ ಗಾಡಿಯಲ್ಲಿ ಕುರಿ ಇತ್ತೆಂಬುದೇ ಬರೆಯತಕ್ಕ ಸಂಗತಿಯಾಗಿ ಕಂಡಿರಲಿಲ್ಲ.

ತೂತು ಮುಚ್ಚಿಸಿದೆ, ಬಾಷಾ ಸಾಹೇಬರಿಂದ ಹೊಸ ಕಪ್ಲರ್ ಹಾಕಿಸಿದೆ. ಅಲ್ಲಿಂದೀಚೆಗೆ ಖಾಲಿ ಹಳ್ಳವನ್ನು ಖಾಲಿ ರೊಪ್ಪದವರೆಗೆ ಹದಿನಾಲ್ಕು ಸಲ ದಾಟಿದ್ದೇನೆ. ಹದಿಮೂರು ಸಲ ದೀಪ ನಿಂತಿತು. ಒಂದು ಸಲ, ಎಲ್ಲ ಒಣಗಿದ್ದಾಗಲೇ, ಮಿಣುಕಿ ಆರಿತು. ಆ ಒಂದು, ಕುರಿ ಹೇರದೆಯೂ ಸೋತ ಹಿಂದಿನ ಮೂರು. ಒಟ್ಟು ನಾಲ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ. ಈ ವಿದ್ಯೆ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಒಂದು ಸಾಲು ಬರೆಯಿರಿ.

ಗಾಡಿಯ ವಿಷಯ ತಿಳಿಯದವರೂ ಬರೆಯಬಹುದು. ರಾಯದುರ್ಗದ ಕಡೆ ಎಡಗಾಲು ಎಳೆಯುತ್ತ, ಕಂಬಳಿ ಹೊದ್ದು, ನೂರನಲವತ್ತು ಕುರಿಗಳ ಹಿಂದೆ ನಡೆಯುವ ಹಿರಿಯರೊಬ್ಬರು ಕಂಡರೆ, ಎಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಎಂದು ತಿಳಿಸಿ. ಗಾಡಿಯ ತಳಕ್ಕೆ ಹುಲ್ಲು ಹಾಸಿದ್ದೇನೆ ಎಂದು ಅವರಿಗೂ ಒಂದು ಮಾತು ಹೇಳಿ.