ಹಾಯಿಗೆ ಹೆದರಿದ ಕಾಗೆಗಳು

ಹಾಯಿದೋಣಿ ಹಿಡಿದು ನೀರಿಗೆ ಒಬ್ಬರೇ ಯಾಕೆ ಹೋಗುತ್ತೀರಿ ಎಂದು ಹೆಂಡತಿ ಕೇಳಿದಾಗಲೆಲ್ಲ ಏಕಾಂತ, ಶಾಂತಿ ಎಂದು ದೊಡ್ಡ ಮಾತು ಆಡಿ ಬಾಯಿ ಮುಚ್ಚಿಸುತ್ತಿದ್ದೆ. ನಿಜ ಬೇರೆ ಇತ್ತು. ನಾನು ಮುಗ್ಗರಿಸುವುದನ್ನು ಯಾರೂ ನೋಡಬಾರದು, ಅಷ್ಟೇ. ನಾಶಿಕದ ಬಳಿಯ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳ ಲೆಕ್ಕ ಹಾಕುವ ಮನುಷ್ಯ ನಡುವಯಸ್ಸಿನಲ್ಲಿ ಚಡ್ಡಿ ತೊಟ್ಟು ಗಾಳಿಯ ಕೈಲಿ ಪೆಟ್ಟು ತಿನ್ನುವುದನ್ನು ಕಂಡರೆ, ಕ್ಯಾಂಟೀನಿನಲ್ಲಿ ವಾರಕ್ಕಾಗುವಷ್ಟು ನಗು ಸಿಗುತ್ತಿತ್ತು.

ದೋಣಿ, ವರ್ಗವಾಗಿ ಹೋದ ಸಹೋದ್ಯೋಗಿ ನನಗೆ ಬಿಟ್ಟುಹೋದ ಪುಟ್ಟ ಕ್ಯಾಟಮರಾನ್. ಎರಡು ಸಪೂರ ದೋಣಿಗಳು, ಅವುಗಳನ್ನು ಜೋಡಿಸುವ ಕೊಳವೆಗಳು, ಕೂರಲು ನಡುವೆ ಬಿಗಿದ ಬಟ್ಟೆ, ಮೇಲೆ ಕೆಂಡದಂಥ ಕಿತ್ತಳೆ ಹಾಯಿ. ನಾಚಿಕೆ ಸ್ವಭಾವದವನಿಗೆ ಸಿಗಬಾರದ ಬಣ್ಣ. ನಾಶಿಕದ ಗಂಗಾಪುರ ಜಲಾಶಯದಲ್ಲಿ ಭಾನುವಾರ ಪಿಕ್ನಿಕ್ ಜನ. ಹಾಗಾಗಿ ದೋಣಿಯನ್ನು ಟೆಂಪೋಗೆ ಹೇರಿ, ವೈಜಾಪುರ ದಾಟಿ, ಜಾಯಕವಾಡಿ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಿದ್ದೆ. ಆ ಜಿಲ್ಲೆ, ಇಂದಿನ ಸಂಭಾಜಿನಗರ, ಆಗಿನ್ನೂ ಎಲ್ಲರ ಬಾಯಲ್ಲಿ ಔರಂಗಾಬಾದ್ ಆಗಿತ್ತು. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ.

ಆ ದಿನ ಗಾಳಿ ನೀರಿನ ಕಡೆಯಿಂದ ದಡಕ್ಕೆ ಬೀಸುತ್ತಿತ್ತು. ಇಬ್ಬರಿದ್ದರೆ ಒಬ್ಬ ನೀರಲ್ಲಿ ನಿಂತು ದೋಣಿಯ ಮೂತಿಯನ್ನು ಗಾಳಿಗೆದುರಾಗಿ ಹಿಡಿಯಬಹುದು, ಇನ್ನೊಬ್ಬ ಹತ್ತಿ ಚುಕ್ಕಾಣಿ ಇಳಿಸಬಹುದು. ಒಬ್ಬನೇ ಎಂದರೆ ತಳ್ಳಬೇಕು, ಹಾರಿ ಹತ್ತಬೇಕು, ಹಗ್ಗ ಎಳೆಯಬೇಕು, ಅಷ್ಟರಲ್ಲಿ ಗಾಳಿ ತನ್ನ ಕೆಲಸ ಮುಗಿಸಿರುತ್ತದೆ. ನನ್ನನ್ನು ಅದು ದಡದ ಗುಂಟ ಒರೆಸಿಕೊಂಡು ಹೋಗಿ, ಕಲ್ಲು ಮೆಟ್ಟಿಲಿನ ಒಂದು ಸ್ನಾನದ ಘಾಟಿನ ಪಕ್ಕ ಕೆಸರಿಗೆ ಒತ್ತಿಬಿಟ್ಟಿತು. ಸಿಟ್ಟಿನಲ್ಲಿ ಗಾಳಿಯ ವಂಶವನ್ನೆಲ್ಲ ಕನ್ನಡದಲ್ಲೇ ಜಾಲಾಡಿದೆ. ತಲೆ ಎತ್ತಿದರೆ ಘಾಟಿನ ಮೇಲೆ ಒಂದು ಕುಟುಂಬ, ಮಂತ್ರ ಹೇಳುವ ಒಬ್ಬ ಗುರುಜಿ, ದರ್ಭೆ, ಎಲೆಯ ಮೇಲೆ ಪಿಂಡ.

ಹತ್ತನೆಯ ದಿನದ ಕರ್ಮ. ಎಲ್ಲರೂ ಕಾಗೆಗೆ ಕಾಯುತ್ತಿದ್ದರು. ಕಾಗೆ ಮುಟ್ಟದಿದ್ದರೆ ಸತ್ತವರ ಆಸೆ ಏನೋ ಉಳಿದಿದೆ ಎನ್ನುವ ನಂಬಿಕೆ ನಮ್ಮ ಕಡೆಯೂ ಉಂಟು, ಅಲ್ಲಿಯೂ ಉಂಟು. ಕೇಶ ತೆಗೆಸಿದ ಮಗ ಕೈ ಮುಗಿದು ಮಾತು ಕೊಡುತ್ತಿದ್ದ. ಅಪ್ಪಾ, ಯಲ್ಲಮ್ಮಗ ಹೋಗಿ ಬರ್ತೀನಿ. ಅವ್ವನ್ನ ಚೊಲೋ ನೋಡ್ಕೋತೀನಿ. ಕನ್ನಡ! ಅದೂ ಬಿಜಾಪುರ ಕಡೆಯ, ನನ್ನ ಅಜ್ಜಿಯ ಬಾಯಿಯ ಕನ್ನಡ. ಪರಕೀಯರ ಎದುರು ಆಗುವ ನಾಚಿಕೆಯೇ ಸಾಲದೆಂದು ಸ್ವಂತದವರ ಎದುರಿನ ನಾಚಿಕೆಯೂ ಬಂದು ಕೂಡಿತು.

ಜಾಲಿ ಮರದ ತುಂಬ ಕಾಗೆಗಳು. ಒಂದು ಇಳಿಯುತ್ತಿತ್ತು, ನನ್ನ ಹಾಯಿ ಪಟಾರನೆ ಬಡಿಯುತ್ತಿತ್ತು, ಅದು ಅರ್ಧದಿಂದಲೇ ತಿರುಗಿ ಕೊಂಬೆಗೆ ಹಾರುತ್ತಿತ್ತು. ಮತ್ತೊಂದು ಬಂದಾಗಲೂ ಹಾಗೆಯೇ. ಕುಟುಂಬದವರೆಲ್ಲರ ಕಣ್ಣು ಪಿಂಡದ ಮೇಲೆ. ಇದು ತೀರಿಹೋದವರ ಮುನಿಸಲ್ಲ, ನನ್ನ ಹಾಯಿಯ ಗಲಾಟೆ ಎಂಬುದು ನನಗೊಬ್ಬನಿಗೇ ಗೊತ್ತು ಎಂದುಕೊಂಡೆ. ಮೈಯೆಲ್ಲ ಬೆಂಕಿಯಾಯಿತು. ಹಾಯಿ ಇಳಿಸಲು ಹೋದರೆ ಕಂಬದ ತುದಿಯ ಕೊಕ್ಕೆ ಬಿಡದು. ಕಂಬವನ್ನೇ ತಿರುಗಿಸುತ್ತ ಹಗ್ಗ ಜಗ್ಗಿದರೆ ಮಾತ್ರ ಬಿಡುವ ಕೊಕ್ಕೆ ಅದು. ತಿರುಗಿಸುತ್ತ, ಜಗ್ಗುತ್ತಲೇ ಇದ್ದೆ.

ಗುರುಜಿ ಕೈಗಡಿಯಾರ ನೋಡಿಕೊಂಡರು. ದರ್ಭೆಯಲ್ಲೇ ಕಾಗೆ ಮಾಡಿ ಮುಟ್ಟಿಸಿಬಿಡೋಣವೇ ಎಂದು ಮಗ ಮರಾಠಿಯಲ್ಲಿ ಕೇಳಿದ. ತಾಯಿ ಬೇಡವೆಂದಳು. ಹಿಂದೆ ತಲೆತಗ್ಗಿಸಿ ನಿಂತಿದ್ದ ಮಗಳನ್ನು ತೋರಿಸಿ, ಮಗನಿಗೆ ಹೇಳಿದಳು:

"ಅವರ ಜೀವ ಎಲ್ಲಿ ಸಿಕ್ಕೊಂಡೈತಿ ಅಂತ ನನಗ ಗೊತ್ತೈತಿ. ತಂಗೀನ ತಿರುಗಿ ಆ ಗಂಡನ ಮನಿಗೆ ಕಳಸೂದಿಲ್ಲ ಅಂತ ಹೇಳು. ನೀರಿನ ಮುಂದ ಹೇಳು."

ಮಗ ತಂಗಿಯ ಮುಖ ನೋಡಿದ, ಪಿಂಡ ನೋಡಿದ, ಜಾಲಿ ಮರ ನೋಡಿದ. ಅವಳ ಮೊಳಕೈಯಿಂದ ಕೆಳಗೆ ಹಳೆಯ ಸುಟ್ಟ ಕಲೆ ನನಗೂ ಕಾಣುವಂತಿತ್ತು. ಒಂದು ಕಾಗೆ ಮತ್ತೆ ಇಳಿದು ಮತ್ತೆ ಹಿಂತಿರುಗಿತು. ಅವನು ತುಟಿ ಒರೆಸಿಕೊಂಡು, ಕೈ ಜೋಡಿಸಿ, "ಅಪ್ಪಾ" ಎಂದ.

ಆಗಲೇ ಕೊಕ್ಕೆ ಬಿಟ್ಟಿತು. ಹಾಯಿ ಜರ್ರನೆ ಕುಸಿದು ನನ್ನ ತಲೆಯ ಮೇಲೆ ಬಿತ್ತು. ನಾನು ಬಟ್ಟೆಯ ಅಡಿಯಿಂದ ಹೊರಬರುವಷ್ಟರಲ್ಲಿ ಕಾಗೆ ಪಿಂಡದ ಮೇಲಿತ್ತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ಮಗ ಜೋಡಿಸಿದ ಕೈಯನ್ನು ಬಿಡಿಸಿ ಪಂಚೆ ಕೊಡವಿಕೊಂಡ. ಆಡಬೇಕಿದ್ದ ಮಾತು ಒಳಗೇ ಉಳಿಯಿತು. ತಾಯಿ ಇನ್ನೊಮ್ಮೆ ಕೇಳಲಿಲ್ಲ. ಕಾಗೆ ಮುಟ್ಟಿದ ಮೇಲೆ ಕೇಳುವುದಕ್ಕೆ ಅವಳ ಕೈಯಲ್ಲಿ ಏನು ಉಳಿದಿತ್ತು?

ಉಳಿದವರು ಮೇಲೆ ಜೀಪಿನತ್ತ ನಡೆದರು. ಮಗಳು ತಂಬಿಗೆ ತೊಳೆಯಲು ನನ್ನ ಪಕ್ಕದ ನೀರಿಗೆ ಇಳಿದಳು. ಹಾಯಿಯನ್ನು ಒಮ್ಮೆ, ಮರವನ್ನು ಒಮ್ಮೆ ನೋಡಿದಳು.

"ಇನ್ನ ಚೂರು ತಡೀಬೇಕಿತ್ರಿ ಕಾಕಾ," ಎಂದಳು. "ಅಂವಾ ಬಾಯಿ ತಗದಿದ್ದಾ."

ನನ್ನ ಬೈಗುಳ ಕೇಳಿಯೇ ನಾನು ಕನ್ನಡದವನೆಂದು ಅವಳಿಗೆ ತಿಳಿದಿತ್ತು. ನನಗೆ ಗೊತ್ತಾಗಲಿಲ್ಲವ್ವಾ ಎಂದೆ. ಅದು ಸುಳ್ಳು. ಪ್ರತಿಯೊಂದು ಮಾತೂ ಅರ್ಥವಾಗಿತ್ತು. ಕೊಕ್ಕೆ ಬಿಡುವ ಹೊತ್ತಿಗೆ ನನ್ನ ತಲೆಯಲ್ಲಿ ಇದ್ದದ್ದು ಮಾತ್ರ ಒಂದೇ, ಈ ಜನರ ಕಣ್ಣಿಂದ ಮರೆಯಾಗಬೇಕು. ಗಂಡನ ಮನೆಗೆ ಯಾವಾಗ ಹೋಗಬೇಕೆಂದು ನಾನು ಕೇಳಿದೆ. ನಾಳೆಯ ಬಸ್ಸಿಗೆ ಎಂದಳು.

ಅಣ್ಣ ಮೇಲಿನಿಂದ ಕರೆದ. ಅವಳು ತಂಬಿಗೆ ಹಿಡಿದು ಮೆಟ್ಟಿಲು ಹತ್ತಿದಳು. ಹಿಂದೆಯೇ ಹೋಗಿ, ತಮ್ಮಾ, ಆ ಕಾಗೆಯನ್ನು ತಡೆದದ್ದು ನನ್ನ ಹಾಯಿ, ಆದರೆ ನಿನ್ನ ತಾಯಿ ಕೇಳಿದ್ದನ್ನು ನಾನೂ ಕೇಳಿಸಿಕೊಂಡೆ, ಆ ಮಾತು ಕೊಟ್ಟುಬಿಡು ಎಂದು ಹೇಳಬಹುದಿತ್ತು. ಜೀಪು ಇನ್ನೂ ಹೊರಟಿರಲಿಲ್ಲ. ಒದ್ದೆ ಚಡ್ಡಿಯಲ್ಲಿ, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ಅಷ್ಟು ಜನರ ಎದುರಿಗೆ ಹೋಗಲು ನನಗೆ ನಾಚಿಕೆಯಾಯಿತು.