ತಿಮರೆ ರಸ ಮತ್ತು ಸಂಜೆಯ ತೇರ್ಸ್

ತಿಮರೆ ರಸದಿಂದ ನನ್ನ ಗಂಡನಿಗೆ ನೆನಪು ಮರಳಿ ಬರಲಿಲ್ಲ. ಬಾಯಿಪಾಠ ಇದ್ದದ್ದನ್ನು ಅವರು ಒಪ್ಪಿಸಿದರು, ನಾದಿನಿ ಅದನ್ನೇ ಗುಣ ಎಂದು ತಿಳಿದಳು. ನಡೆದದ್ದು ಇಷ್ಟೇ.

ಅವರಿಗೆ ಮರೆವಿನ ಕಾಯಿಲೆ. ಅತ್ತಾವರದ ಡಾಕ್ಟರು ಮಾತ್ರೆ ಬರೆದುಕೊಟ್ಟು, "ಗುಣ ಆಗುವುದಿಲ್ಲ, ಸ್ವಲ್ಪ ಸಮಯ ಹಿಡಿದು ನಿಲ್ಲಿಸಬಹುದು" ಎಂದಿದ್ದರು. ನಾನು ಜ್ವರ ಬಂದು ಮಲಗಿದಾಗ ನಾದಿನಿ ಕಾಟಿಪಳ್ಳದಿಂದ ಜೆಪ್ಪುವಿನ ನಮ್ಮ ಮನೆಗೆ ಬಂದು ಅಣ್ಣನ ಆರೈಕೆ ವಹಿಸಿಕೊಂಡಳು. ಚೀಲದ ತುಂಬ ತಿಮರೆ ತಂದಿದ್ದಳು, ನಾವು ಚಟ್ನಿ ಅರೆಯುವ ಅದೇ ಒಂದೆಲಗ.

"ಎಲ್ಲಿ ಕೊಯ್ದದ್ದು?" ಎಂದೆ.

"ತೋಡಿನ ಬದಿಯಲ್ಲಿ ತಾನಾಗಿ ಹುಟ್ಟಿದ್ದು ವೊನಿ. ಕಾಡುಗಿಡದಿಂದಲೇ ಮರೆವಿಗೆ ಮದ್ದು ತೆಗೀತಾರಂತೆ, ಮೊಬೈಲಲ್ಲಿ ಬಂದಿದೆ." ಅತ್ತಿಗೆಯಾದ ನನ್ನನ್ನು ಅವಳು ಕರೆಯುವುದು ವೊನಿ ಎಂದೇ.

"ತೆಗೆಯುವವರು ತೆಗೆಯಲಿ. ಅದು ನಮ್ಮ ಮಿಕ್ಸಿಯಲ್ಲಿ ಬರ್ತದಾ? ಆ ತೋಡಿಗೆ ಯಾರ್ಯಾರ ಮನೆಯ ನೀರು ಬಿಡ್ತಾರೆ, ಅದನ್ನು ಮೊದಲು ಹೇಳು."

"ನಿಮಗೆ ಎಲ್ಲದರಲ್ಲೂ ಸಂಶಯ."

ಹೌದು, ಸಂಶಯವೇ. ಆದರೆ ಎದ್ದು ನೋಡಲು ಮೈಯಲ್ಲಿ ಶಕ್ತಿ ಇರಲಿಲ್ಲ. ಅವಳು ದಿನಾ ಬೆಳಿಗ್ಗೆ ರಸ ಕುಡಿಸಿದಳು.

ಜ್ವರ ಬಿಟ್ಟ ಮೇಲೆ ಒಂದು ಸಂಜೆ ತೇರ್ಸಿಗೆ ಕುಳಿತೆವು. ಜಪಮಾಲೆ ಹಿಡಿದು ಮನೆಮಂದಿಯೆಲ್ಲ ಸೇರಿ ಹೇಳುವ ಪ್ರಾರ್ಥನೆ ಅದು. ಚಿಕ್ಕಂದಿನಿಂದ ಅವರು ತಪ್ಪಿಸಿದವರಲ್ಲ. ಆ ದಿನ ಅವರೇ ಮುಂದಾಗಿ ಹೇಳಿದರು. ಒಂದು ಶಬ್ದವೂ ತಪ್ಪಲಿಲ್ಲ.

ನಾದಿನಿ ಕಣ್ಣೊರೆಸಿಕೊಂಡು, "ಕೇಳಿದ್ರಾ ವೊನಿ? ಇನ್ನು ಆ ಮಾತ್ರೆ ಎಂತಕ್ಕೆ? ನಾನು ಬಂದ ದಿನವೇ ನಿಲ್ಲಿಸಿದ್ದೇನೆ" ಎಂದಳು.

ನಾನು ಗಂಡನ ಕಡೆ ತಿರುಗಿ, "ನಿಮ್ಮ ಪಕ್ಕದಲ್ಲಿ ಕುಳಿತದ್ದು ಯಾರು?" ಎಂದು ಕೇಳಿದೆ.

ಅವರು ತಂಗಿಯ ಮುಖ ನೋಡಿದರು. "ನರ್ಸ್ ಅಲ್ವಾ? ಬೆಳಿಗ್ಗೆ ಕಹಿ ಮದ್ದು ಕೊಡುವವರು."

ನಾನು "ನಮಾನ್ ಮರಿಯೆ" ಎಂದು ತೇರ್ಸಿನ ಪ್ರಾರ್ಥನೆಯ ಮೊದಲ ಮಾತು ಎತ್ತಿಕೊಟ್ಟೆ. ಮುಂದಿನದನ್ನು ಅವರು ಸರಾಗವಾಗಿ ಹೇಳಿಕೊಂಡು ಹೋದರು.

"ಅಣ್ಣನಿಗೆ ನನ್ನ ಗುರುತೇ ಇಲ್ವಾ ವೊನಿ?"

"ನನ್ನದೂ ಕೆಲವು ದಿನ ಇಲ್ಲ ಮಾರಾಯ್ತಿ. ಉಳಿದ ದಿನ ಉಂಟು. ಅದನ್ನು ನಿನ್ನ ರಸಕ್ಕೆ ಬಿಟ್ಟುಕೊಡುವುದಿಲ್ಲ."

ನಿಲ್ಲಿಸಿದ ಮಾತ್ರೆಯನ್ನು ನನ್ನಷ್ಟಕ್ಕೆ ಮತ್ತೆ ಶುರು ಮಾಡುವ ಧೈರ್ಯ ನನಗಿರಲಿಲ್ಲ. ಮರುದಿನ ಬೆಳಿಗ್ಗೆ ರಿಕ್ಷಾ ಕರೆಸಿ ಇಬ್ಬರನ್ನೂ ಅತ್ತಾವರಕ್ಕೆ ಕರೆದುಕೊಂಡು ಹೋದೆ. ಡಾಕ್ಟರ ಎದುರಿನ ಕುರ್ಚಿಯಲ್ಲಿ ನಾದಿನಿಯನ್ನೇ ಕೂರಿಸಿ, "ಎಂತ ಕೊಟ್ಟೆ, ಎಂತ ಬಿಟ್ಟೆ, ನೀನೇ ಹೇಳು" ಎಂದೆ.